ಸ್ವಿಫ್ಟ್ ಕರೆಂಟ್ ಬ್ರಾಂಕೋಸ್: ಒಂದು ಜೂನಿಯರ್ ಐಸ್ ಹಾಕಿ ತಂಡದ ಪೂರ್ತಿ ಕತೆ

ಪ್ರೇರಿ_ಗಾಳಿ

ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯದಲ್ಲಿ ಸ್ವಿಫ್ಟ್ ಕರೆಂಟ್ ಅಂತ ಒಂದು ಊರಿದೆ. ಜನ 16–17 ಸಾವಿರ, ಅಷ್ಟೇ. ಸುತ್ತ ಗೋಧಿ ಹೊಲ, ದನ ಸಾಕುವ ದೊಡ್ಡ ಜಮೀನು, ಅಲ್ಲಲ್ಲಿ ಎಣ್ಣೆ ಬಾವಿ. ಊರನ್ನು ತಾಗಿಕೊಂಡೇ ಟ್ರಾನ್ಸ್-ಕೆನಡಾ ಹೆದ್ದಾರಿ ಹೋಗುತ್ತದೆ. ಇಷ್ಟು ಸಣ್ಣ ಊರಿಗೆ ವೆಸ್ಟರ್ನ್ ಹಾಕಿ ಲೀಗ್‌ನಲ್ಲಿ ಆಡುವ ಸ್ವಂತ ತಂಡ ಇದೆ. ಹೆಸರು ಬ್ರಾಂಕೋಸ್.

ಈ ತಂಡದ ಬಗ್ಗೆ ವಿಡಿಯೋ, ಲೇಖನ ಬೇಕಾದಷ್ಟು ಸಿಗುತ್ತವೆ. ಹೆಚ್ಚಿನವು ಒಂದೇ ದಾರಿ ಹಿಡಿಯುತ್ತವೆ: 1986ರಲ್ಲಿ ಬಸ್ ಅಪಘಾತ, ನಾಲ್ಕು ಹುಡುಗರ ಸಾವು, ಎರಡೂವರೆ ವರ್ಷದಲ್ಲಿ ದೇಶದ ಕಪ್, ಎಲ್ಲರ ಕಣ್ಣಲ್ಲೂ ನೀರು. ಅಲ್ಲಿಗೆ ಮುಗೀತು. ಆ ಎರಡೂವರೆ ವರ್ಷ ತಂಡವನ್ನು ನಡೆಸಿದ ಕೋಚ್‌ನ ಮಾತೇ ಬರುವುದಿಲ್ಲ, ಬಂದರೂ ಕೊನೆಯಲ್ಲಿ ಒಂದು ಸಾಲು. ನನ್ನ ತಕರಾರು ಇರುವುದು ಅಲ್ಲೇ. ಅವನನ್ನು ಬಿಟ್ಟು ಈ ಕತೆ ಹೇಳಲು ಬರುವುದಿಲ್ಲ.

ಮೊದಲಿಂದ ಹೇಳುತ್ತೇನೆ. ಕೆನಡಾದಲ್ಲಿ 'ಮೇಜರ್ ಜೂನಿಯರ್' ಅಂದರೆ ಸುಮಾರು 16ರಿಂದ 20 ವರ್ಷದ ಹುಡುಗರ ಹಾಕಿ. ಪಶ್ಚಿಮದಲ್ಲಿ ಒಂದು ಲೀಗ್, ಒಂಟಾರಿಯೊ ಕಡೆ ಒಂದು, ಕ್ವಿಬೆಕ್ ಮತ್ತು ಪೂರ್ವ ಕರಾವಳಿಗೆ ಒಂದು. ಮೂರೂ ಲೀಗ್ ಗೆದ್ದವರ ಜೊತೆ ಆತಿಥೇಯ ತಂಡವೊಂದು ಸೇರಿ ಮೆಮೋರಿಯಲ್ ಕಪ್‌ಗೆ ಆಡುತ್ತವೆ. ಮೊದಲ ಮಹಾಯುದ್ಧದಲ್ಲಿ ಸತ್ತ ಸೈನಿಕರ ನೆನಪಿಗೆ 1919ರಲ್ಲಿ ಶುರುವಾದ ಕಪ್ ಅದು. ಇಲ್ಲಿ ಮಿಂಚಿದವರು ಮುಂದೆ ಎನ್‌ಎಚ್‌ಎಲ್‌ಗೆ, ಅಂದರೆ ಅಮೆರಿಕ–ಕೆನಡಾದ ದೊಡ್ಡ ವೃತ್ತಿಪರ ಹಾಕಿ ಲೀಗ್‌ಗೆ, ಹೋಗುತ್ತಾರೆ. ಹಾಗಾಗಿ ಪ್ರತಿ ಹುಡುಗನ ತಲೆಯಲ್ಲೂ ಅದೊಂದೇ ಕನಸು. ಕೋಚ್ ಕೈಯಲ್ಲಿ ಆ ಕನಸಿನ ಬೀಗದ ಕೈ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬ್ರಾಂಕೋಸ್ ಶುರುವಾಗಿದ್ದು 1967ರಲ್ಲಿ. ಮೊದಲ ದಿನಗಳಲ್ಲೇ ಬ್ರಯಾನ್ ಟ್ರಾಟಿಯೆ ಇಲ್ಲಿ ಆಡಿದರು. ಊರಿಂದ ದಕ್ಷಿಣಕ್ಕೆ, ಅಮೆರಿಕ ಗಡಿ ಹತ್ತಿರದ ವಾಲ್ ಮರಿ ಎಂಬ ಹಳ್ಳಿಯವರು. ಮುಂದೆ ಆಟಗಾರನಾಗಿಯೇ ಆರು ಸ್ಟ್ಯಾನ್ಲಿ ಕಪ್ (ಎನ್‌ಎಚ್‌ಎಲ್ ಗೆದ್ದವರಿಗೆ ಸಿಗುವ ಕಪ್) ಗೆದ್ದರು. ಅವರ ಜೊತೆ ಆಡುತ್ತಿದ್ದ ಟೈಗರ್ ವಿಲಿಯಮ್ಸ್ ಎನ್‌ಎಚ್‌ಎಲ್ ಇತಿಹಾಸದಲ್ಲೇ ಅತಿ ಹೆಚ್ಚು ಪೆನಾಲ್ಟಿ ನಿಮಿಷ (ತಪ್ಪಾಟಕ್ಕೆ ಹೊರಗೆ ಕೂರುವ ಶಿಕ್ಷೆ) ಗಳಿಸಿದ ಆಸಾಮಿ. ಒಂದೇ ತಂಡದಲ್ಲಿ ಇಬ್ಬರು, ಎಂಥ ಜೋಡಿ ನೋಡಿ!

ಆದರೆ ಸಣ್ಣ ಊರಲ್ಲಿ ದುಡ್ಡು ಹುಟ್ಟಲಿಲ್ಲ. 1974ರಲ್ಲಿ ತಂಡವನ್ನು ಆಲ್ಬರ್ಟಾದ ಲೆತ್‌ಬ್ರಿಜ್‌ಗೆ ಒಯ್ದರು. ಹನ್ನೆರಡು ವರ್ಷ ಅಲ್ಲೇ ಇತ್ತು. ಎನ್‌ಎಚ್‌ಎಲ್ ತಲುಪಿದ ಆರು ಜನ ಸಟರ್ ಅಣ್ಣತಮ್ಮಂದಿರೂ ಲೆತ್‌ಬ್ರಿಜ್ ಬ್ರಾಂಕೋಸ್‌ಗೆ ಆಡಿದವರೇ. 1986ರಲ್ಲಿ ಸ್ವಿಫ್ಟ್ ಕರೆಂಟ್ ಜನ ಸೇರಿಕೊಂಡು ತಂಡವನ್ನು ಕೊಂಡು ವಾಪಸ್ ತಂದರು. ಊರಿಗೆ ಊರೇ ಕುಣಿಯಿತು. ಹೊಸ ಕೋಚ್ ಬಂದ. ಹೆಸರು ಗ್ರಹಾಂ ಜೇಮ್ಸ್.

ಅದೇ ಡಿಸೆಂಬರ್ 30. ರಿಜೈನಾದಲ್ಲಿ ಪ್ಯಾಟ್ಸ್ ತಂಡದ ವಿರುದ್ಧ ಪಂದ್ಯ ಇತ್ತು. ಬಸ್ ಊರು ಬಿಟ್ಟು ಕೆಲವೇ ಕಿಲೋಮೀಟರ್ ಹೋಗಿತ್ತು. ರೈಲು ಹಳಿಯ ಮೇಲ್ಸೇತುವೆ ಹತ್ತಿರ ಮಂಜುಗಟ್ಟಿದ ರಸ್ತೆಯಲ್ಲಿ ಹಿಡಿತ ತಪ್ಪಿತು. ರಸ್ತೆ ಬಿಟ್ಟು ಹಾರಿ, ಮಗ್ಗುಲಾಗಿ ಬಿದ್ದು ಜಾರಿತು. ಹಿಂದಿನ ಸೀಟುಗಳಲ್ಲಿ ಇಸ್ಪೀಟು ಆಡುತ್ತಿದ್ದ ನಾಲ್ವರು ಸತ್ತರು: ಟ್ರೆಂಟ್ ಕ್ರೆಸ್, ಸ್ಕಾಟ್ ಕ್ರೂಗರ್, ಕ್ರಿಸ್ ಮ್ಯಾಂಟಿಕಾ, ಬ್ರೆಂಟ್ ರಫ್. ಎಲ್ಲರಿಗಿಂತ ದೊಡ್ಡವನು ಕ್ರೆಸ್, 20 ವರ್ಷ. ಬ್ರೆಂಟ್‌ಗೆ ಬರೀ 16. ಅವನ ಅಣ್ಣ ಲಿಂಡಿ ರಫ್ ಆಗ ಎನ್‌ಎಚ್‌ಎಲ್‌ನಲ್ಲಿ ಆಡುತ್ತಿದ್ದರು.

ಬದುಕಿ ಬಂದವರಲ್ಲಿ 17 ವರ್ಷದ ಜೋ ಸಾಕಿಕ್ ಇದ್ದ, ಮುಂದೆ ಎನ್‌ಎಚ್‌ಎಲ್‌ನ ದೊಡ್ಡ ತಾರೆಯಾದವನು. ಶೆಲ್ಡನ್ ಕೆನಡಿ ಇದ್ದ.

ಉಳಿದದ್ದು ಮುಂದಿನ ಕಾಮೆಂಟಲ್ಲಿ. ಯಾರಿಗಾದರೂ ಆಸಕ್ತಿ ಇದ್ದರೆ ಹೇಳಿ, ಇಲ್ಲದಿದ್ದರೆ ಸುಮ್ನೆ ಯಾಕೆ ಬರೆಯಬೇಕು.

ಕಾಫಿತೋಟ_ಹುಡುಗ

ಆಸಕ್ತಿ ಇದೆ, ಬರೀರಿ ಸರ್. ನಾನು ಕೊಡಗಿನವನು. ನಮಗೆ ಹಾಕಿ ಅಂದರೆ ಹುಲ್ಲು, ಬೇಸಿಗೆ, ಮನೆತನದ ಹೆಸರು. 1997ರಿಂದ ಕೊಡವ ಕುಟುಂಬಗಳ ಪಂದ್ಯಾವಳಿ ನಡೀತಿದೆ. ಆಡುವವನು ತನ್ನ ಮನೆಯವರ ಜೊತೆಗೇ ಇರುತ್ತಾನೆ. ಅದಕ್ಕೇ ನನ್ನ ಪ್ರಶ್ನೆ. 16 ವರ್ಷದ ಹುಡುಗ ಮನೆ ಬಿಟ್ಟು ನೂರಾರು ಕಿಲೋಮೀಟರ್ ದೂರದ ಊರಲ್ಲಿ ಇರುತ್ತಾನಲ್ಲ, ಊಟ, ಸ್ಕೂಲು ಎಲ್ಲ ಯಾರು ನೋಡಿಕೊಳ್ಳುತ್ತಾರೆ? ಹಾಸ್ಟೆಲ್ಲಾ?

ರಿಜೈನಾ_ರೇಖಾ

ಹಾಸ್ಟೆಲ್ ಅಲ್ಲ. 'ಬಿಲೆಟ್' ಅಂತಾರೆ. ಊರಿನ ಯಾವುದೋ ಒಂದು ಮನೆಯವರು ಹುಡುಗನನ್ನು ಇಟ್ಟುಕೊಳ್ಳುತ್ತಾರೆ. ಅವನಿಗೆ ಒಂದು ಕೋಣೆ, ಮೂರು ಹೊತ್ತು ಊಟ. ಅಂಥ ಹುಡುಗರ ಊಟ ಅಂದರೆ ಫ್ರಿಜ್ ಖಾಲಿ ಅಂತಲೇ ಲೆಕ್ಕ. ಕ್ಲಬ್ ಸ್ವಲ್ಪ ದುಡ್ಡು ಕೊಡುತ್ತದೆ, ಅದು ದಿನಸಿಗೆ ಸಾಕಾದರೆ ಹೆಚ್ಚು. ಹುಡುಗ ಅದೇ ಊರಿನ ಹೈಸ್ಕೂಲಿಗೆ ಹೋಗುತ್ತಾನೆ. ಆಡಿದ ಒಂದೊಂದು ಸೀಸನ್ನಿಗೆ ಮುಂದೆ ಕಾಲೇಜಿನ ಒಂದೊಂದು ವರ್ಷದ ಖರ್ಚು ಲೀಗ್ ಕೊಡುತ್ತದೆ. ನನ್ನ ಜೊತೆ ಕೆಲಸ ಮಾಡುವವರೊಬ್ಬರ ಮನೆಯಲ್ಲಿ ವರ್ಷ ವರ್ಷ ಇಂಥ ಹುಡುಗ ಇರುತ್ತಾನೆ. ಹತ್ತು ವರ್ಷದ ಹಿಂದೆ ಇದ್ದು ಹೋದವನ ಮದುವೆಗೂ ಅವರು ಹೋಗಿ ಬಂದರು.

ಆ ರಸ್ತೆ ಬಗ್ಗೆ ಒಂದು ಮಾತು. ನಾನು ಅದೇ ಹೆದ್ದಾರಿಯಲ್ಲಿ ಕಾರು ಓಡಿಸುತ್ತೇನೆ. ಇಲ್ಲಿನವರು 'ಬ್ಲ್ಯಾಕ್ ಐಸ್' ಅನ್ನುವುದು ಬಿಳಿ ಹಿಮ ಅಲ್ಲ. ಗಾಜಿನಂಥ ತೆಳು ಪದರ. ಕೆಳಗಿನ ಡಾಂಬರು ಹಾಗೇ ಕಾಣುತ್ತದೆ, ರಸ್ತೆ ಬರೀ ಒದ್ದೆ ಆಗಿದೆ ಅನ್ನಿಸುತ್ತದೆ. ಸೇತುವೆ ಮೇಲೆ ಅದು ಜಾಸ್ತಿ. ಕೆಳಗಿಂದಲೂ ತಣ್ಣನೆ ಗಾಳಿ ಹೊಡೆಯುವುದರಿಂದ ಬೇರೆ ರಸ್ತೆಗಿಂತ ಮೊದಲು ಅಲ್ಲಿ ಹೆಪ್ಪುಗಟ್ಟುತ್ತದೆ. ಚಕ್ರ ಒಮ್ಮೆ ಜಾರಿದರೆ ಬ್ರೇಕ್ ಹಾಕಿದಷ್ಟೂ ಕೆಟ್ಟದು.

ಪ್ರೇರಿ_ಗಾಳಿ

ರೇಖಾ ಮೇಡಂ, ಥ್ಯಾಂಕ್ಸ್. ಆ ಹುಡುಗರನ್ನು ಆಮೇಲೆ ಸಂಭಾಳಿಸಿದ್ದು ಕೂಡ ಬಹಳ ಮಟ್ಟಿಗೆ ಈ ಬಿಲೆಟ್ ಮನೆಯವರೇ.

ಮುಂದುವರಿಸುತ್ತೇನೆ. ತಂಡದ ರಿಂಕ್‌ನಲ್ಲೇ (ಐಸ್ ಹಾಕಿ ಅಂಗಣ) ಶ್ರದ್ಧಾಂಜಲಿ ಸಭೆ ನಡೆಯಿತು. ಜರ್ಸಿಯ ಮೇಲೆ ನಾಲ್ಕೆಲೆಯ ಕ್ಲೋವರ್ ಬಂತು, ಒಂದೊಂದು ಎಲೆಯಲ್ಲಿ ಒಬ್ಬೊಬ್ಬನ ನಂಬರ್: 8, 9, 11, 22. ಲೀಗ್ ತನ್ನ ವರ್ಷದ ಅತ್ಯುತ್ತಮ ಆಟಗಾರನ ಪ್ರಶಸ್ತಿಗೆ 'ಫೋರ್ ಬ್ರಾಂಕೋಸ್' ಹೆಸರಿಟ್ಟಿತು, ಇವತ್ತಿಗೂ ಅದೇ ಹೆಸರು. 1988ರಲ್ಲಿ ಅದನ್ನು ಗೆದ್ದವನು ಸಾಕಿಕ್ಕೇ. ಆ ಸೀಸನ್ ಅವನದು 160 ಪಾಯಿಂಟ್ (ಹೊಡೆದ ಗೋಲು, ಗೋಲಿಗೆ ಕೊಟ್ಟ ಪಾಸ್ ಎರಡೂ ಸೇರಿ). ಮೂಸ್ ಜಾ ತಂಡದ ಥಿಯೋ ಫ್ಲ್ಯೂರಿ ಕೂಡ ಸರಿಯಾಗಿ 160 ಗಳಿಸಿ ಅವನಿಗೆ ಸಮ ನಿಂತ. ಫ್ಲ್ಯೂರಿ ಹೆಸರು ಮತ್ತೆ ಬರುತ್ತದೆ.

ತಂಡ ಜನವರಿಯಲ್ಲೇ ಮತ್ತೆ ಐಸ್‌ಗೆ ಇಳಿಯಿತು. ಆ ವರ್ಷ ಪ್ಲೇಆಫ್‌ಗೂ (ಸೀಸನ್ ಕೊನೆಯ ನಾಕೌಟ್ ಸುತ್ತು) ಹೋಯಿತು. ಹೊರಗಿನಿಂದ ನೋಡಿದವರು ಎಂಥ ಗಟ್ಟಿ ಹುಡುಗರು ಅಂದರು.

ಒಳಗೆ ಏನಾಗಿತ್ತು? ಜೊತೆಗಾರರ ಸಾವು ಕಣ್ಣಾರೆ ಕಂಡ ಹುಡುಗರಿಗೆ ವೃತ್ತಿಪರ ಕೌನ್ಸೆಲಿಂಗ್ ಸಿಗಲಿಲ್ಲ. ಹೊರಗಿನವರು ಬೇಡ, ನಮ್ಮ ನೋವು ನಾವೇ ನೋಡಿಕೊಳ್ಳುತ್ತೇವೆ ಅಂತ ಅಡ್ಡ ನಿಂತವನು ಕೋಚ್. ಆಗ ಜನಕ್ಕೆ ಅದು ತಂಡದ ಒಗ್ಗಟ್ಟು ಅನ್ನಿಸಿತು. ಹತ್ತು ವರ್ಷದ ಮೇಲೆ ಅದರ ಅರ್ಥವೇ ಬದಲಾಯಿತು. ಒಬ್ಬ ಕೌನ್ಸೆಲರ್ ಒಬ್ಬೊಬ್ಬನೇ ಹುಡುಗನನ್ನು ಕೂರಿಸಿಕೊಂಡು ಬಾಗಿಲು ಹಾಕಿ ಮಾತಾಡಿಸಿದರೆ ಏನೇನು ಹೊರಗೆ ಬರಬಹುದಿತ್ತೋ ಅದು ಅವನಿಗೆ ಗೊತ್ತಿತ್ತು.

ಜೇಮ್ಸ್ ಆ ತಂಡದ ಹುಡುಗರನ್ನು ಲೈಂಗಿಕವಾಗಿ ಹಿಂಸಿಸುತ್ತಿದ್ದ. ಶೆಲ್ಡನ್ ಕೆನಡಿ ಸ್ವಿಫ್ಟ್ ಕರೆಂಟ್‌ಗೆ ಬರುವ ಮೊದಲೇ, ಅವನ 14ನೇ ವಯಸ್ಸಿನಲ್ಲೇ ಅವನ ಮೇಲಿನ ದೌರ್ಜನ್ಯ ಶುರುವಾಗಿತ್ತು.

ಪವರ್‌ಪ್ಲೇ_ಪಾಂಡು

ಕಪ್ ಗೆದ್ದ ತಂಡದ ಆಟದ ಬಗ್ಗೆ ಯಾರೂ ಹೇಳುತ್ತಿಲ್ಲ, ನಾನೇ ಹೇಳಿಬಿಡುತ್ತೇನೆ.

1988–89ರ ಬ್ರಾಂಕೋಸ್ ಜೂನಿಯರ್ ಹಾಕಿಯಲ್ಲಿ ಬಂದ ದೊಡ್ಡ ತಂಡಗಳಲ್ಲಿ ಒಂದು. ಆ ಹೊತ್ತಿಗೆ ಸಾಕಿಕ್ ಎನ್‌ಎಚ್‌ಎಲ್‌ನ ಕ್ವಿಬೆಕ್ ನಾರ್ಡಿಕ್ಸ್ ತಂಡ ಸೇರಿದ್ದ. ಅವನಿಲ್ಲದೆಯೂ 72 ಪಂದ್ಯದಲ್ಲಿ 55 ಗೆಲುವು, 16 ಸೋಲು, ಒಂದು ಟೈ. ಪವರ್ ಪ್ಲೇ ಅಂದರೆ ಎದುರು ತಂಡದವನೊಬ್ಬ ತಪ್ಪು ಮಾಡಿ ಪೆನಾಲ್ಟಿ ಬಾಕ್ಸ್‌ನಲ್ಲಿ ಕೂತಾಗ ನಮ್ಮವರು ಐದು, ಅವರು ನಾಲ್ಕು. ಆ ಹೊತ್ತಿನಲ್ಲೇ ಇವರು ಹೊಡೆದ ಗೋಲು 180! ಎದುರಾಳಿಗಳು ಇವರನ್ನು ಹೊಡೆದು ಬಡಿದು ಹೆದರಿಸೋಣ ಅಂದರೆ ಹೊಡೆದವನು ಬಾಕ್ಸಿಗೆ, ಪಕ್ (ಐಸ್ ಹಾಕಿಯ ರಬ್ಬರ್ ಬಿಲ್ಲೆ) ನೆಟ್ಟಿಗೆ. ಹಿಂದೆ ಡಿಫೆನ್ಸ್‌ನಲ್ಲಿ ಡ್ಯಾನ್ ಲ್ಯಾಂಬರ್ಟ್ ಇದ್ದ, ಆಳು ಕುಳ್ಳ, ಆದರೆ ಪಾಸ್ ಸೂಜಿ ಚುಚ್ಚಿದ ಹಾಗೆ. ಮುಂದೆ ಟಿಮ್ ಟಿಸ್‌ಡೇಲ್, ಕೆನಡಿ, ಪೀಟರ್ ಕಸೋವ್‌ಸ್ಕಿ, ಸಾಕಿಕ್‌ನ ತಮ್ಮ ಬ್ರಯಾನ್.

ಲೀಗ್ ಪ್ಲೇಆಫ್‌ನಲ್ಲಿ 12 ಪಂದ್ಯ ಆಡಿದರು, ಹನ್ನೆರಡೂ ಗೆದ್ದರು. ಮೂಸ್ ಜಾ, ಸಸ್ಕಟೂನ್, ಪೋರ್ಟ್‌ಲ್ಯಾಂಡ್, ಯಾರಿಗೂ ಒಂದು ಪಂದ್ಯ ಬಿಟ್ಟುಕೊಡಲಿಲ್ಲ.

ಮೆಮೋರಿಯಲ್ ಕಪ್ ನಡೆದದ್ದು ಸಸ್ಕಟೂನ್‌ನಲ್ಲಿ. ಫೈನಲ್‌ನಲ್ಲಿ ಎದುರು ಬಂದದ್ದು ಆತಿಥೇಯ ಸಸ್ಕಟೂನ್ ಬ್ಲೇಡ್ಸ್. ಅಂದರೆ ಪ್ಲೇಆಫ್‌ನಲ್ಲಿ ಇವರು ನಾಲ್ಕಕ್ಕೆ ನಾಲ್ಕೂ ಪಂದ್ಯ ಸೋಲಿಸಿ ಕಳಿಸಿದ್ದ ತಂಡವೇ, ಈಗ ತನ್ನ ಊರಿನ ಜನರ ಮುಂದೆ. 3–3 ಆಗಿ ಓವರ್‌ಟೈಮ್‌ಗೆ ಹೋಯಿತು. ನಾಲ್ಕು ನಿಮಿಷ ತುಂಬುವ ಮೊದಲೇ ಟಿಸ್‌ಡೇಲ್ ಗೋಲು. 4–3. ಟೂರ್ನಿಯ ಶ್ರೇಷ್ಠ ಆಟಗಾರ ಲ್ಯಾಂಬರ್ಟ್. ಬ್ಲೇಡ್ಸ್ ಇವತ್ತಿನ ತನಕ ಆ ಕಪ್ ಗೆದ್ದಿಲ್ಲ, ಪಾಪ.

ಇನ್ನೊಂದು. ಬಸ್ಸಿನಲ್ಲಿ ಸತ್ತ ಸ್ಕಾಟ್ ಕ್ರೂಗರ್‌ನ ಇಬ್ಬರು ಸೋದರರು ಆ ತಂಡದಲ್ಲಿದ್ದರು. ಟ್ರೆವರ್ ಗೋಲ್‌ಕೀಪರ್, ಡ್ಯಾರೆನ್ ಡಿಫೆನ್ಸ್.

ಅದಕ್ಕೇ ಹೇಳುತ್ತೇನೆ ಪ್ರೇರಿ ಸರ್, ಕಪ್ ಆ ಹುಡುಗರದ್ದು. ಎಲ್ಲದಕ್ಕೂ ಆ ದರಿದ್ರದವನನ್ನು ಎಳೆದು ತಂದರೆ ಅವರ ಗೆಲುವಿಗೂ ಅವನದೇ ನೆರಳು ಬೀಳುತ್ತದೆ ಅಲ್ವಾ?

ಪ್ರೇರಿ_ಗಾಳಿ

ಪಾಂಡು ಅವರೇ, ಕಪ್ ಹುಡುಗರದ್ದು. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹುಡುಗರಲ್ಲೇ ಒಬ್ಬನಾದ ಕೆನಡಿಗೆ ಆ ಕಪ್ ಏನಾಗಿತ್ತು? ಊರು ಅವನನ್ನು ಹೊತ್ತು ಮೆರೆಸಿತು. ಅದೇ ವರ್ಷ ದೇಶದ ದೊಡ್ಡ ಹಾಕಿ ಪತ್ರಿಕೆಯೊಂದು ಜೇಮ್ಸ್‌ನನ್ನು ವರ್ಷದ ವ್ಯಕ್ತಿ ಅಂತ ಆರಿಸಿತು. ಕಪ್ ಗೆದ್ದ ಕೋಚ್, ದುರಂತ ದಾಟಿಸಿದ ಕೋಚ್. ಇಂಥವನ ಮೇಲೆ ಹತ್ತೊಂಬತ್ತರ ಹುಡುಗ ದೂರು ಕೊಟ್ಟರೆ ನಂಬುವವರು ಯಾರು? ಆ ಗೆಲುವೇ ಜೇಮ್ಸ್‌ಗೆ ಬೇಲಿ ಆಯಿತು. ನಾನು ಕಪ್‌ನ ಬೆಲೆ ಕಡಿಮೆ ಮಾಡುತ್ತಿಲ್ಲ. 'ದುರಂತದಿಂದ ಗೆಲುವಿಗೆ' ಅನ್ನುವ ಕತೆ ಇಷ್ಟು ಚೆಂದ ಇದ್ದುದರಿಂದಲೇ ಒಳಗಿನದು ಯಾರಿಗೂ ಕಾಣಲಿಲ್ಲ ಅನ್ನುತ್ತಿದ್ದೇನೆ.

ಮೈಸೂರು_ವಕೀಲೆ

ಕೇಸ್ ಏನಾಯಿತು ಅಂತ ಸ್ವಲ್ಪ ಬಿಡಿಸಿ ಹೇಳುವಿರಾ? ಶಿಕ್ಷೆ ಎಷ್ಟು?

ಪ್ರೇರಿ_ಗಾಳಿ

ಕೇಳಿದರೆ ಸಿಟ್ಟು ಬರುತ್ತದೆ ಮೇಡಂ.

1994ರಲ್ಲಿ ಜೇಮ್ಸ್ ಬ್ರಾಂಕೋಸ್ ಬಿಟ್ಟು ಕ್ಯಾಲ್ಗರಿ ಹಿಟ್‌ಮೆನ್ ಎಂಬ ಹೊಸ ತಂಡ ಕಟ್ಟುವವರ ಜೊತೆ ಸೇರಿದ. ಆಮೇಲೆ ಕೆನಡಿ ಪೊಲೀಸರ ಬಳಿ ಹೋದರು, ಆಗ ಅವರು ಎನ್‌ಎಚ್‌ಎಲ್ ಆಟಗಾರ. 1997ರ ಜನವರಿಯಲ್ಲಿ ಜೇಮ್ಸ್ ತಪ್ಪು ಒಪ್ಪಿಕೊಂಡ. ಇಬ್ಬರು ಆಟಗಾರರ ಮೇಲೆ 300ಕ್ಕೂ ಹೆಚ್ಚು ಬಾರಿ ದೌರ್ಜನ್ಯ. ಶಿಕ್ಷೆ ಮೂರೂವರೆ ವರ್ಷ. ಕೆನಡಿ ತನ್ನ ಹೆಸರು ಗುಟ್ಟಾಗಿಡುವ ಹಕ್ಕನ್ನು ಬಿಟ್ಟುಕೊಟ್ಟು ಬಹಿರಂಗವಾಗಿ ಮಾತಾಡಿದರು. ಎನ್‌ಎಚ್‌ಎಲ್‌ನಲ್ಲಿ ಆಡುತ್ತಿರುವ ಗಂಡಸು ಹೀಗೆ ಹೇಳುವುದು ಆ ಕಾಲಕ್ಕೆ ಊಹಿಸಲೂ ಆಗದ ಮಾತು.

ಅಲ್ಲಿಗೆ ಮುಗಿಯಲಿಲ್ಲ. 2007ರಲ್ಲಿ ಜೇಮ್ಸ್‌ಗೆ ಕ್ಷಮಾದಾನ ಸಿಕ್ಕಿತು, ಜನಕ್ಕೆ ಅದು ತಿಳಿದದ್ದು 2010ರಲ್ಲಿ. ದೊಡ್ಡ ಗಲಾಟೆಯಾಗಿ ಸರ್ಕಾರ ಕ್ಷಮಾದಾನದ ಕಾನೂನನ್ನೇ ಬಿಗಿ ಮಾಡಿತು. ಇತ್ತ ಥಿಯೋ ಫ್ಲ್ಯೂರಿ ಮತ್ತು ಬ್ರಾಂಕೋಸ್‌ಗೆ ಆಡಿದ್ದ ಅವರ ಸಂಬಂಧಿ ಟಾಡ್ ಹೋಲ್ಟ್, ಜೇಮ್ಸ್ ತಮ್ಮ ಮೇಲೂ ದೌರ್ಜನ್ಯ ಮಾಡಿದ್ದ ಅಂತ ಮುಂದೆ ಬಂದರು. 2012ರಲ್ಲಿ ಎರಡು ವರ್ಷ ಶಿಕ್ಷೆ ಆಯಿತು, ಮೇಲ್ಮನವಿಯಲ್ಲಿ 2013ರಲ್ಲಿ ಅದು ಐದಕ್ಕೆ ಏರಿತು. 2015ರಲ್ಲಿ ತೊಂಬತ್ತರ ದಶಕದ ಮತ್ತೊಬ್ಬ ಸ್ವಿಫ್ಟ್ ಕರೆಂಟ್ ಆಟಗಾರನ ಕೇಸಿನಲ್ಲಿ ಇನ್ನೆರಡು ವರ್ಷ.

ಮೈಸೂರು_ವಕೀಲೆ

ಮೊದಲ ಸಲ ಮೂರೂವರೆ ವರ್ಷ! ನಮ್ಮಲ್ಲಿ ಪೋಕ್ಸೊ ಕಾಯ್ದೆ ಬಂದದ್ದು 2012ರಲ್ಲಿ. ಮಗು ಯಾರನ್ನು ನಂಬಿ ಅವರ ಕೈಕೆಳಗೆ ಇರುತ್ತದೋ ಅಂಥವರು ಮಾಡಿದರೆ ಅಪರಾಧ ಇನ್ನೂ ಗಂಭೀರ ಅಂತ ಅದರಲ್ಲಿದೆ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ ಅದೂ ಅಪರಾಧವೇ. ಕಾಯ್ದೆಯೇನೋ ಇದೆ. ಆದರೆ ನಮ್ಮ ಕ್ರೀಡಾ ಹಾಸ್ಟೆಲ್, ಅಕಾಡೆಮಿಗಳಿಗೆ ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರಿಗೆ ಇದು ಎಷ್ಟು ಗೊತ್ತು? ಕೋಚ್ ಅಂದರೆ ಗುರು, ಗುರು ಅಂದರೆ ದೇವರು. ಅಲ್ಲಿಗೆ ಪ್ರಶ್ನೆ ನಿಂತುಹೋಗುತ್ತದೆ.

ಕಾಫಿತೋಟ_ಹುಡುಗ

ಶೆಲ್ಡನ್ ಕೆನಡಿ ಆಮೇಲೆ ಏನಾದರು?

ರಿಜೈನಾ_ರೇಖಾ

ತುಂಬ ವರ್ಷ ಕುಡಿತ, ಡ್ರಗ್ಸ್‌ನಲ್ಲಿ ನರಳಿದರು. ಅದನ್ನು ಅವರೇ ಮುಚ್ಚಿಡದೆ ಹೇಳಿಕೊಂಡಿದ್ದಾರೆ. 1998ರಲ್ಲಿ ಚಕ್ರದ ಸ್ಕೇಟ್ಸ್ ಹಾಕಿಕೊಂಡು ಕೆನಡಾವನ್ನು ಉದ್ದಕ್ಕೂ ದಾಟಿದರು, ದೌರ್ಜನ್ಯಕ್ಕೆ ಒಳಗಾದ ಮಕ್ಕಳಿಗೆ ದುಡ್ಡು ಕೂಡಿಸಲು. 2004ರಲ್ಲಿ ಇನ್ನೊಬ್ಬರ ಜೊತೆ ಸೇರಿ 'ರೆಸ್ಪೆಕ್ಟ್' ಎಂಬ ಸಂಸ್ಥೆ ಕಟ್ಟಿದರು. ಅವರ ಆನ್‌ಲೈನ್ ತರಬೇತಿ ಇಲ್ಲಿ ಬಹಳ ಕಡೆ ಕೋಚ್‌ಗಳಿಗೆ ಕಡ್ಡಾಯ. ಎಷ್ಟೋ ಕಡೆ ಅಪ್ಪ ಅಮ್ಮಂದಿರೂ ಮಾಡಬೇಕು. ನನ್ನ ಮಗನನ್ನು ಹಾಕಿಗೆ ಸೇರಿಸುವಾಗ ನಾನೂ ಕೂತು ಮುಗಿಸಿದೆ. ಗೊಣಗಿಕೊಂಡೇ ಶುರು ಮಾಡಿದ್ದು. ಅದರ ಹಿಂದೆ ಯಾರಿದ್ದಾರೆ ಅಂತ ಗೊತ್ತಾದ ಮೇಲೆ ಗೊಣಗುವ ಮುಖ ಇರಲಿಲ್ಲ.

ಕುಂದಾಪ್ರ_ಶೆಟ್ರು

ಮಾರಾಯ್ರೆ, ಬ್ರಾಂಕೋಸ್ ಬಸ್ ಅಪಘಾತ ಅಂದಾಗ ನನಗೆ ನೆನಪಾದದ್ದು 2018ರದ್ದು. ಅದೇ ಇದಾ?

ಪ್ರೇರಿ_ಗಾಳಿ

ಅಲ್ಲ ಶೆಟ್ರೆ. ತುಂಬ ಜನಕ್ಕೆ ಹಾಗೇ ಅನ್ನಿಸುತ್ತದೆ. 2018ರ ಏಪ್ರಿಲ್ 6ರದ್ದು ಹಂಬೋಲ್ಟ್ ಬ್ರಾಂಕೋಸ್. ಅದೂ ಸಸ್ಕ್ಯಾಚೆವಾನ್‌ನದ್ದೇ, ಹೆಸರೂ ಅದೇ, ಆದರೆ ಬೇರೆ ಊರು, ಒಂದು ಮೆಟ್ಟಿಲು ಕೆಳಗಿನ ಜೂನಿಯರ್ ಎ ಲೀಗ್. ಪ್ಲೇಆಫ್ ಆಡಲು ಹೊರಟ ಬಸ್ಸಿಗೂ ಟ್ರಕ್ಕಿಗೂ ಎರಡು ಹೆದ್ದಾರಿ ಕೂಡುವಲ್ಲಿ ಡಿಕ್ಕಿ ಆಯಿತು. ಬಸ್ಸಿನಲ್ಲಿದ್ದ 29 ಜನರಲ್ಲಿ 16 ಜನ ಸತ್ತರು, 13 ಜನ ಗಾಯಗೊಂಡರು. ಟ್ರಕ್ ಚಾಲಕ ಭಾರತದಿಂದ ಬಂದು ನೆಲೆಸಿದ್ದವರು. ತಪ್ಪು ಒಪ್ಪಿಕೊಂಡರು, ಎಂಟು ವರ್ಷ ಶಿಕ್ಷೆ ಆಯಿತು.

ಆ ವಾರ ಕೆನಡಾದ ಉದ್ದಗಲಕ್ಕೂ ಜನ ಮನೆ ಬಾಗಿಲಿನ ಹೊರಗೆ ಹಾಕಿ ಸ್ಟಿಕ್ ಇಟ್ಟರು. ಅದಕ್ಕಿಂತ ನನಗೆ ದೊಡ್ಡದು ಅನ್ನಿಸಿದ್ದು ಬೇರೆ. 1986ರ ಬಸ್ಸಿನಲ್ಲಿ ಬದುಕಿ ಉಳಿದ ಕೆನಡಿ, ಬಾಬ್ ವಿಲ್ಕಿ, ಪೀಟರ್ ಸೋಬರ್ಲ್ಯಾಕ್ ಮೊದಲಾದವರು ಹಂಬೋಲ್ಟ್‌ಗೆ ಹೋದರು. ಕೌನ್ಸೆಲಿಂಗ್ ಇಲ್ಲದೆ ಒಬ್ಬೊಬ್ಬರೇ ಒದ್ದಾಡಿದವರು ಅವರು. ಈ ಸಲ ಹುಡುಗರಿಗೂ ಮನೆಯವರಿಗೂ ಸಹಾಯ ಬೇಗ ತಲುಪಿತು.

ಕುಂದಾಪ್ರ_ಶೆಟ್ರು

ಓ, ಸರಿ ಸರಿ. ಸೀಟ್ ಬೆಲ್ಟ್ ಇರಲಿಲ್ಲವಾ ಬಸ್ಸಿನಲ್ಲಿ? ಇಷ್ಟು ಮುಂದುವರಿದ ದೇಶ ಅಂತೀರಿ.

ರಿಜೈನಾ_ರೇಖಾ

ಬಸ್ಸಿಗೆ ಬೆಲ್ಟ್ ಇರಲೇಬೇಕು ಅನ್ನುವ ಕಾನೂನೇ ಆಗ ಇರಲಿಲ್ಲ. ಹೊಸದಾಗಿ ತಯಾರಾಗುವ ದೊಡ್ಡ ಬಸ್ಸುಗಳಿಗೆ 2020ರ ಸೆಪ್ಟೆಂಬರ್‌ನಿಂದ ಕಡ್ಡಾಯ ಮಾಡಿದರು. 1986ರಿಂದ ಲೆಕ್ಕ ಹಾಕಿ, ಎಷ್ಟು ವರ್ಷ ಬೇಕಾಯಿತು ಅಂತ. ಹಳೇ ಬಸ್ಸುಗಳಿಗೆ ಈ ನಿಯಮ ಇಲ್ಲ. ಇನ್ನು ಬೆಲ್ಟ್ ಇದ್ದರೂ ಹಾಕಿಕೊಳ್ಳುವವರು ಬೇಕಲ್ಲ!

ಪವರ್‌ಪ್ಲೇ_ಪಾಂಡು

ಸ್ವಿಫ್ಟ್ ಕರೆಂಟ್‌ನವರು ಲೀಗ್ ಗೆದ್ದದ್ದು ಮೂರು ಸಲ: 1989, 1993, 2018. ಕೊನೆಯದು ಹಂಬೋಲ್ಟ್ ದುರಂತದ ಮರು ತಿಂಗಳೇ. ಎವರೆಟ್ ತಂಡವನ್ನು ಆರು ಪಂದ್ಯದಲ್ಲಿ ಮುಗಿಸಿದರು. ಗೋಲ್‌ನಲ್ಲಿ ಸ್ಟುವರ್ಟ್ ಸ್ಕಿನ್ನರ್. ಅದೇ ಜನವರಿಯಲ್ಲಿ ಜೂನಿಯರ್ ವಿಶ್ವಕಪ್ ಫೈನಲ್‌ನಲ್ಲಿ ಸ್ವೀಡನ್ ವಿರುದ್ಧ ಕೆನಡಾಕ್ಕೆ ಗೆಲುವಿನ ಗೋಲು ಹೊಡೆದ ಟೈಲರ್ ಸ್ಟೀನ್‌ಬರ್ಗನ್ ಕೂಡ ಇದೇ ತಂಡದವನು. ಮೆಮೋರಿಯಲ್ ಕಪ್ ರಿಜೈನಾದಲ್ಲೇ ಇತ್ತು. ಅದೇ ಪ್ರಾಂತ್ಯದ ಊರು, ಜನ ಹರಿದು ಬಂದರು. ಮೂರಕ್ಕೆ ಮೂರೂ ಸೋತರು.

ಕಾಫಿತೋಟ_ಹುಡುಗ

ಇಷ್ಟು ಸಣ್ಣ ಊರು ತಂಡವನ್ನು ಹೇಗೆ ಸಾಕುತ್ತದೆ? ಹಿಂದೆ ಒಂದು ಸಲ ದುಡ್ಡಿಲ್ಲದೆ ಹೋಗಿತ್ತು ಅಂದಿರಿ.

ಪ್ರೇರಿ_ಗಾಳಿ

ಒಬ್ಬ ಶ್ರೀಮಂತನ ಕೈಯಲ್ಲಿಲ್ಲ, ಅದೇ ಕಾರಣ. ಊರಿನ ಜನರದೇ ತಂಡ. ನಮ್ಮ ಹಾಲಿನ ಸೊಸೈಟಿ ಥರ, ವರ್ಷಕ್ಕೊಮ್ಮೆ ಸಭೆ, ಲೆಕ್ಕಪತ್ರ, ಊರವರದೇ ಮಂಡಳಿ. ಲಾಭ ಬಂದರೆ ತಂಡಕ್ಕೇ, ನಷ್ಟ ಬಂದರೆ ಊರು ಕೈ ಜೋಡಿಸಬೇಕು. ಮೂಸ್ ಜಾ, ಪ್ರಿನ್ಸ್ ಆಲ್ಬರ್ಟ್, ಲೆತ್‌ಬ್ರಿಜ್ ತಂಡಗಳೂ ಹೀಗೇ. ರಿಂಕ್‌ನಲ್ಲಿ 3 ಸಾವಿರದ ಆಸುಪಾಸು ಜನ ಹಿಡಿಸುತ್ತಾರೆ. ತುಂಬಿದ ದಿನ ಅಂದರೆ ಊರಿನ ಐದರಲ್ಲಿ ಒಂದು ಪಾಲು ಅಲ್ಲೇ ಇದ್ದ ಹಾಗೆ.

ಪವರ್‌ಪ್ಲೇ_ಪಾಂಡು

ಮುಂದೆ ಕಷ್ಟ ಇದೆ ಸರ್. ಮೊದಲು ಮೇಜರ್ ಜೂನಿಯರ್ ಆಡಿದವನು ಅಮೆರಿಕದ ಕಾಲೇಜು ಹಾಕಿ ಆಡುವ ಹಾಗಿರಲಿಲ್ಲ. 2024ರ ನವೆಂಬರ್‌ನಲ್ಲಿ ಆ ನಿಯಮ ತೆಗೆದರು, 2025ರಿಂದ ಜಾರಿ. ಈಗ 18–19ರ ಒಳ್ಳೆ ಹುಡುಗರು ಕಾಲೇಜಿಗೆ ಹಾರುತ್ತಾರೆ. ಸಣ್ಣ ಊರಿನ ತಂಡ ಬೆಳೆಸಬೇಕು, ದೊಡ್ಡವರು ಒಯ್ಯಬೇಕು.

ಪ್ರೇರಿ_ಗಾಳಿ

ಆ ಭಯ ನನಗೂ ಇದೆ. ಆದರೆ ಇನ್ನೊಂದು ಕಡೆಯಿಂದ ನೋಡಿ. ಮೊದಲು ಹುಡುಗನಿಗೆ ಇದ್ದದ್ದು ಒಂದೇ ದಾರಿ, ಆ ದಾರಿಯ ಬಾಗಿಲಲ್ಲಿ ಒಬ್ಬನೇ ಕೋಚ್. ಈಗ ಬೇಡ ಅನ್ನಿಸಿದರೆ ಎದ್ದು ಹೋಗಲು ಇನ್ನೊಂದು ಜಾಗ ಇದೆ. ತಂಡಕ್ಕೆ ನಷ್ಟ, ಹುಡುಗನಿಗೆ ಲಾಭ. ಎರಡರಲ್ಲಿ ಒಂದು ಆರಿಸು ಅಂದರೆ ನಾನು ಹುಡುಗನ ಕಡೆ.

ಪವರ್‌ಪ್ಲೇ_ಪಾಂಡು

ಇದನ್ನು ಒಪ್ಪುತ್ತೇನೆ. 1989ರ ವಿಷಯದಲ್ಲಿ ಮಾತ್ರ ಇನ್ನೂ ಒಪ್ಪಿಲ್ಲ, ಹೇಳಿಬಿಟ್ಟೆ. ಟಿಸ್‌ಡೇಲ್ ಗೋಲಿನ ವಿಡಿಯೋ ಕಳಿಸುತ್ತೇನೆ, ಕೋಚ್ ಕಾಣದ ಜಾಗದಿಂದ ಕತ್ತರಿಸಿದ್ದು. ನೋಡಿ, ಆಮೇಲೆ ಜಗಳ ಮುಂದುವರಿಸೋಣ.